ಮಾನದ ಚೀಲ

ಚೀಲ ಕಟ್ಟಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನಮ್ಮಪ್ಪನೊಬ್ಬನ ಕಡೆಗೇ ಬೆರಳು ತೋರಿಸುವುದು ಬೇಡ.

ನಮ್ಮಪ್ಪ ಮೈಲಪ್ಪ. ಹರಿಹರದ ಸೇತುವೆಯಿಂದ ಕೆಳಗೆ ಹೊಳೆದಂಡೆಯ ಮೀನುಗಾರರ ಕೇರಿ ನಮ್ಮದು. ಅಪ್ಪ ಐವತ್ತು ವರ್ಷದಿಂದ ತುಂಗಭದ್ರೆಯಲ್ಲಿ ಬಲೆ ಬೀಸಿದ್ದಾನೆ. ಅವನ ಬಲಗಡೆಯ ಹೆಗಲು ಎಡಗಡೆಯದಕ್ಕಿಂತ ಕೆಳಕ್ಕಿದೆ. ಬಲೆ ಅಂಚಿನ ಸೀಸದ ಗುಂಡುಗಳ ಭಾರ ಎಳೆದೂ ಎಳೆದೂ ಹಾಗಾಗಿದೆ. ಅವನು ಹಿಡಿದದ್ದನ್ನು ನಮ್ಮವ್ವ ತಿಮ್ಮವ್ವ ದಾವಣಗೆರೆಯ ಬೀದಿಗಳಲ್ಲಿ ಹೊತ್ತು ಮಾರಿದಳು. ಅವಳ ಕುತ್ತಿಗೆ ಸೋತ ಮೇಲೆ ಬುಟ್ಟಿ ನನ್ನ ತಲೆಗೆ ಬಂತು. ನಾನು ರೇವತಿ. ಪಿಯುಸಿ ಪಾಸಾಗಿದ್ದೇನೆ. ಅದರಿಂದ ಬುಟ್ಟಿ ಹಗುರವಾಗಿಲ್ಲ. ನನ್ನ ಬುಟ್ಟಿ ಕಂಡ ಕೂಡಲೇ ಬಸ್ಸಿನ ಕಂಡಕ್ಟರು ಹತ್ತಿಸಿಕೊಳ್ಳದೆ ರೈಟ್ ಅನ್ನುತ್ತಾನೆ. ರವಿವಾರ ಅವನ ಮನೆಯಲ್ಲೂ ಮೀನೇ ಬೇಯುವುದು.

ನಮ್ಮ ಕೇರಿಯಲ್ಲೊಂದು ಕಟ್ಟುಪಾಡಿದೆ. ಹೊರಗಿನವರು ನಮ್ಮ ತೆಪ್ಪ ಹತ್ತಿದರೆ ಅವರ ಕಣ್ಣೆದುರು ಖಾಲಿ ಬಲೆ ಎತ್ತಬಾರದು. ಎತ್ತಿದರೆ ಹೊಳೆತಾಯಿ ಗಂಗವ್ವ ಆ ನಂಟರನ್ನು ಒಲ್ಲೆ ಅಂದಂತೆ. ಕರೆದುಕೊಂಡು ಹೋದವನ ಮಾನವೂ ಹೋದಂತೆ. ಅದಕ್ಕೇ ಮೊದಲೇ ಹಿಡಿದಿಟ್ಟ ಜೀವಂತ ಮೀನುಗಳನ್ನು ದಾರದ ಚೀಲದಲ್ಲಿ ತುಂಬಿ ತೆಪ್ಪದ ಕೆಳಗೆ ನೀರಲ್ಲಿ ಕಟ್ಟುತ್ತೇವೆ. ಬಲೆ ಬರಿದಾಗಿ ಬರುತ್ತಿದೆ ಅಂತ ಕೈಗೆ ಗೊತ್ತಾಗುತ್ತದೆ. ಆಗ ಎಡಗೈ ನೀರೊಳಗೆ ಹೋಗಿ ಚೀಲದ ಬಾಯಿ ಬಿಚ್ಚುತ್ತದೆ. ಮೀನು ಬಲೆಯ ಮಡಿಕೆಗೆ ಸೇರುತ್ತದೆ. ನಂಟರು ಖುಷಿಪಡುತ್ತಾರೆ. ಆ ಚೀಲಕ್ಕೆ ನಾವು ಮಾನದ ಚೀಲ ಅನ್ನುತ್ತೇವೆ. ಮದುವೆಗೆ ಮುಂಚೆ ನನ್ನ ಗಂಡ ತೆಪ್ಪ ಹತ್ತಿದಾಗಲೂ ಅಪ್ಪ ಕಟ್ಟಿದ್ದ. ಆ ಗಂಡ ನನ್ನ ಜೊತೆ ಎರಡು ವರ್ಷ ಬಾಳಲಿಲ್ಲ. ಅವನಿಗೆ ಖಾಲಿ ಬಲೆಯನ್ನೇ ತೋರಿಸಬೇಕಿತ್ತು.

ಮೊದಲು ಚೀಲದ ಅಗತ್ಯ ಬೀಳುತ್ತಿದ್ದದ್ದು ವರ್ಷಕ್ಕೊಮ್ಮೆಯೋ ಎರಡು ಸಲವೋ. ನಾಲ್ಕು ವರ್ಷದ ಹಿಂದೆ ನಮ್ಮ ಕೇರಿಯ ಮೇಲ್ಗಡೆ ಬಣ್ಣದ ಕಾರ್ಖಾನೆಯ ಕೊಳವೆ ಹೊಳೆಗೆ ಬಾಯಿ ಬಿಟ್ಟಿತು. ಅಂದಿನಿಂದ ನೀರು ಒಂದು ದಿನ ಕೆಂಪು, ಒಂದು ದಿನ ನೀಲಿ. ದಂಡೆಗೆ ನೊರೆ ಕಟ್ಟುತ್ತದೆ. ನೊರೆ ಒಣಗಿದ ಕಡೆ ಹುಲ್ಲು ಸುಟ್ಟುಹೋಗುತ್ತದೆ. ಮೊದಲು ಬಾಳೆಮೀನು ಹೋಯಿತು. ಆಮೇಲೆ ಹಾವುಮೀನು. ಆಮೇಲೆ ಗಿರ್ಲು. ಹೋಗುವ ಮುಂಚೆ ಅವುಗಳ ಮೈಮೇಲೆ ಹುಣ್ಣಾಗಿತ್ತು. ಅಪ್ಪನ ಕೈಮೇಲೂ ಆಯಿತು.

ದಾವಣಗೆರೆ ಮಾರ್ಕೆಟ್ಟಿನಲ್ಲಿ ನನ್ನಿಂದ ಮೀನು ಕೊಳ್ಳುತ್ತಿದ್ದ ಖಾಜಾ ಹುಸೇನ್ ಒಂದು ದಿನ ಬುಟ್ಟಿ ಮುಟ್ಟಲೇ ಇಲ್ಲ.

"ಬೇಜಾರಾಗಬ್ಯಾಡ ತಂಗಿ. ಹರಿಹರದ ಹೊಳಿ ಮೀನು ಅಂದ್ರೆ ಗಿರಾಕಿ ವಾಪಸ್ ಹೋಗ್ತಾರೆ. ಕುದಿಸಿದ್ರೆ ಸೀಮೆಎಣ್ಣೆ ವಾಸನಿ ಬರ್ತೈತಂತೆ."

ಈಗ ನಾನು ಮಾರುವುದು ಕೆರೆಯ ಕಾಟ್ಲ. ಯಾರದೋ ಕೆರೆ, ಯಾರದೋ ಮೀನು.

ಆ ಕಾರ್ಖಾನೆಗೆ ಇನ್ನೊಂದು ಕೊಳವೆ ಬೇಕಾಯಿತು. ಮೊದಲಿನದಕ್ಕಿಂತ ದೊಡ್ಡದು. ಅದಕ್ಕೆ ಸರ್ಕಾರದ ಒಪ್ಪಿಗೆ ಸಿಗಬೇಕಾದರೆ ಹೊಳೆಯಲ್ಲಿ ಯಾವ ಯಾವ ಮೀನು ಬದುಕಿವೆ ಅಂತ ಸರ್ವೆ ಆಗಬೇಕು. ಸರ್ವೆ ಮಾಡಿಸುವ ಗುತ್ತಿಗೆ ಹಿಡಿದವನು ರವಿಚಂದ್ರ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಅವನ ಕಚೇರಿ. ಮೀನು ಹಿಡಿದು ಹೆಸರು ಹೇಳುವುದಕ್ಕೆ ಅಪ್ಪನನ್ನು ಕೂಲಿಗೆ ಕರೆದ. ಬರೆದುಕೊಳ್ಳುವುದಕ್ಕೆ ಬಿಂದು ಅಂತ ಒಬ್ಬ ಹುಡುಗಿಯನ್ನು ಕಳಿಸಿದ. ಮೀನಿನ ಓದು ಓದಿದವರು. ದೊಡ್ಡ ಕನ್ನಡಕ, ತೆಳ್ಳಗಿನ ದನಿ.

ಇದು ಹೋದ ಬೇಸಿಗೆಯ ಮಾತು. ಮೂರು ಜಾಗದಲ್ಲಿ ಬಲೆ ಬೀಸಬೇಕಿತ್ತು. ಮೊದಲನೆಯದು ಹೊಳೆಯ ಮೇಲ್ಗಡೆ ಉಕ್ಕಡಗಾತ್ರಿ. ಎರಡನೆಯದು ಹರಿಹರದ ಸೇತುವೆ. ಮೂರನೆಯದು ಕೊಳವೆಯ ಕೆಳಗೆ, ನಮ್ಮ ಕೇರಿಯ ಎದುರಿಗೆ.

ಉಕ್ಕಡಗಾತ್ರಿಯಲ್ಲಿ ಒಳ್ಳೆ ಮೀನು ಬಿತ್ತು. ಅಪ್ಪ ಒಂದೊಂದನ್ನೂ ಎತ್ತಿ ಹೆಸರು ಹೇಳಿದ. ಕೊರವ. ಚೇಳುಮೀನು. ಪಕ್ಕೆ. ಹೆಸರಷ್ಟೇ ಅಲ್ಲ, ಅದು ಯಾವ ಮಡುವಿನಲ್ಲಿ ಮೊಟ್ಟೆ ಇಡುತ್ತದೆ, ಯಾವ ಮಳೆಗೆ ಮೇಲೆ ಹತ್ತುತ್ತದೆ ಅಂತೆಲ್ಲ ಹೇಳಿದ. ಬಿಂದು ಮೇಡಂ ಬರೆದೂ ಬರೆದೂ ಬೆರಳ ನೆಟಿಗೆ ಮುರಿದುಕೊಂಡರು.

"ದಕ್ಷಿಣ ಅಮೆರಿಕದಲ್ಲಿ ಸಮುದ್ರದಂಥ ನದಿಗಳಿವೆ" ಅಂದರು. "ಅಲ್ಲಿ ಸರ್ವೆ ಮಾಡುವವರೂ ಹೀಗೇ. ಮೀನುಗಾರರ ದೋಣಿಯಲ್ಲಿ ಕೂತು, ಅವರ ಬಾಯಿಂದಲೇ ಹೆಸರು ಕೇಳ್ಕೊಂಡು ಬರೀತಾರೆ. ಇನ್ನೂ ಹೆಸರಿಡದ ಮೀನು ಎಷ್ಟೋ ಇವೆಯಂತೆ."

ಅಪ್ಪನಿಗೆ ಖುಷಿಯಾಯಿತು. "ಅಲ್ಲೂ ನಮ್ಮಂಥೋರು ಅದಾರೇನ್ ತಾಯಿ?"

"ಇದ್ದಾರೆ."

"ಅವ್ರ ಬಲಿ ಖಾಲಿ ಬಂದ್ರೆ ಏನ್ ಮಾಡ್ತಾರೆ?"

"ಖಾಲಿ ಅಂತ ಬರೀತಾರೆ. ಖಾಲಿ ಬಂದದ್ದನ್ನೂ ಬರೀಲೇಬೇಕು. ಸರ್ವೆಯಲ್ಲಿ ಸೊನ್ನೆಗೂ ಬೆಲೆ ಇದೆ."

ಅಪ್ಪ ಬಾಯಿ ತೆರೆದು ನಕ್ಕ. "ಅವ್ರಿಗೆ ನಾಚಿಕಿ ಆಗಂಗಿಲ್ಲೇನು?"

ಸೊನ್ನೆಗೂ ಬೆಲೆ ಅಂದದ್ದು ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಸೇತುವೆಯ ಸರದಿಯೂ ಮುಗಿದು, ಕೊಳವೆಯ ಕೆಳಗೆ ಬೀಸುವ ಹಿಂದಿನ ಸಂಜೆ ಉಕ್ಕಡಗಾತ್ರಿಯ ನಂಟರ ಮನೆಯಿಂದ ಅಪ್ಪ ಎರಡು ಬಿಂದಿಗೆ ತುಂಬ ಜೀವಂತ ಮೀನು ತಂದ. ಮಗಳಂಥ ಹುಡುಗಿ ನಮ್ಮ ತೆಪ್ಪ ಹತ್ತುತ್ತಾಳೆ, ಅವಳ ಎದುರು ಖಾಲಿ ಬಲೆ ಎತ್ತುವುದು ಹೇಗೆ ಅಂದ. ಅವಳಿಗೆ ಬಗೆಬಗೆಯ ಮೀನು ಇಷ್ಟ ಅಂತ ಬಗೆಬಗೆಯದನ್ನೇ ಆರಿಸಿದ್ದ. ರಾತ್ರಿಯೆಲ್ಲ ಅವನ್ನು ಬೋರಿನ ನೀರಿನ ತೊಟ್ಟಿಯಲ್ಲಿ ಬಿಟ್ಟೆವು. ಬೆಳಿಗ್ಗೆ ಮೇಡಂ ಬರುವ ಮುಂಚೆ ನಾನೇ ಚೀಲ ತುಂಬಿದೆ. ನಾನೇ ಗಂಟು ಹಾಕಿದೆ.

ಬಲೆ ಎದ್ದಾಗ ಹನ್ನೊಂದು ಬಗೆಯ ಮೀನು ಒದ್ದಾಡುತ್ತಿದ್ದವು. ಮೇಡಂ ಬಲೆ ನೋಡಿದರು. ನೀರು ನೋಡಿದರು. ಅಪ್ಪನ ತೋಯ್ದ ಎಡತೋಳು ನೋಡಿದರು. ಬರೆದುಕೊಂಡರು. ಅಪ್ಪ ಆ ದಿನವೆಲ್ಲ ಹೆಮ್ಮೆಯಿಂದ ಮೀಸೆ ತಿರುವಿದ. ನಾನೂ ನಗುತ್ತಾ ಅನ್ನಕ್ಕಿಟ್ಟೆ.

ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ರವಿಚಂದ್ರ ಫೋನು ಮಾಡಿದ. ಅಪ್ಪನ ಆಧಾರ್ ಕಾರ್ಡು, ಮೀನುಗಾರರ ಸೊಸೈಟಿಯ ಕಾರ್ಡು ತಗೊಂಡು ಕಚೇರಿಗೆ ಬಾ ಅಂದ. ಬುಟ್ಟಿ ಮಾರಿಕೊಂಡು ಹಾಗೇ ದೇವರಾಜ ಅರಸು ಬಡಾವಣೆಗೆ ಹೋದೆ. ಗೇಟಿನೊಳಗೆ ಕಾಲಿಟ್ಟೆನೋ ಇಲ್ಲವೋ, ಅಲ್ಲೇ ನಿಲ್ಲು ಅಂತ ಕೆಲಸದವಳು ಕೂಗಿದಳು. ಕಾರ್ಪೆಟ್ಟಿಗೆ ವಾಸನೆ ಹತ್ತುತ್ತದಂತೆ. ಬಿಸಿಲಲ್ಲಿ ನಿಂತೆ. ಕಿಟಕಿಯೊಳಗೆ ಕಪಾಟು ಕಾಣುತ್ತಿತ್ತು. ಗಾಜಿನ ಜಾಡಿಗಳಲ್ಲಿ, ಔಷಧಿ ನೀರಲ್ಲಿ, ಸಾಲಾಗಿ ನಮ್ಮ ಮೀನುಗಳು. ನಮ್ಮಪ್ಪ ಹಿಡಿದವು. ನಾನು ಚೀಲಕ್ಕೆ ತುಂಬಿದವು. ಅವಕ್ಕೆ ಫ್ಯಾನಿನ ಗಾಳಿ, ಮೇಲೊಂದು ಲೈಟು. ನನಗೆ ಗೇಟು.

ಮುಕ್ಕಾಲು ಗಂಟೆ ಕಾಯಿಸಿ ರವಿಚಂದ್ರ ಹೊರಗೆ ಬಂದು ನನ್ನಿಂದ ಕಾರ್ಡುಗಳನ್ನು ಇಸಿದುಕೊಂಡ. ಅವನ ಇನ್ನೊಂದು ಕೈಯಲ್ಲಿ ಅಚ್ಚಾದ ಪುಸ್ತಕ.

"ನಿಮ್ಮಪ್ಪ ಮಾಡಿದ ಸರ್ವೆ. ಓದೋಕೆ ಬರ್ತದಲ್ಲ, ನೋಡು."

ಕನ್ನಡದಲ್ಲಿ ನಾಲ್ಕು ಪುಟವಿತ್ತು. ಬೆರಳಿಟ್ಟು ಓದಿದೆ. ಮೂರನೇ ತಾಣ, ಕೊಳವೆಯ ಕೆಳಗೆ. ಹನ್ನೊಂದು ಬಗೆಯ ಮೀನು. ಜಲಜೀವಿಗಳ ಸ್ಥಿತಿ ಉತ್ತಮ. ಈಗಿರುವ ಕೊಳವೆಯಿಂದ ಮೀನುಗಳಿಗೆ ತೊಂದರೆಯಾಗಿಲ್ಲ. ಎರಡನೇ ಕೊಳವೆಗೆ ಅನುಮತಿ ನೀಡಬಹುದು. ಕೊನೆಯಲ್ಲಿ ಸರ್ವೆ ಮಾಡಿದವರ ಹೆಸರುಗಳು. ನಮ್ಮಪ್ಪನ ಹೆಸರು ಹುಡುಕಿದೆ. ಬಲೆ ಬೀಸಿದವರು, ಸ್ಥಳೀಯ ಕೂಲಿ ಅಂತಿತ್ತು.

ಹನ್ನೊಂದು ಅಂತ ಬರೆಸಿದವರು ನಾವೇ. ಆ ಕೊಳವೆಗೆ ದಾರಿ ಮಾಡಿಕೊಟ್ಟವರು ನಾವೇ.

"ಸಾರ್, ಇದು ತಪ್ಪೈತಿ. ಆ ಮೀನು ಆ ಜಾಗದ್ದಲ್ಲ. ನಮ್ ಕಡಿ ಒಂದು ಪದ್ಧತಿ ಐತಿ ಸಾರ್..."

"ಗೊತ್ತು" ಅಂದ. ನಕ್ಕ. "ತೆಪ್ಪದ ಕೆಳಗೆ ಚೀಲ. ಬಿಂದು ಅವತ್ತೇ ದಾರ ನೋಡಿದ್ಳು. ಮೀನು ಹೊರಗಿಂದು ಇರಬಹುದು ಅಂತ ಬರೆದೂ ಕೊಟ್ಟಿದ್ಳು. ಆ ಸಾಲು ನಾನು ತೆಗೆಸಿದೆ. ನಾಡಿದ್ದು ಸರ್ಕಾರದ ಸಮಿತಿ ಬರ್ತದೆ. ಅವರ ಕಣ್ಮುಂದೆ ಇನ್ನೊಂದ್ಸಲ ಬಲೆ ಬೀಸಬೇಕು. ಹೋದ ಸಲದ ಹಂಗೇ ಚೀಲ ಕಟ್ಟಿಸು."

"ನಾವು ಕಟ್ಟಂಗಿಲ್ಲ ಸಾರ್."

ಅವನು ನಗು ನಿಲ್ಲಿಸಿದ. ಅಪ್ಪನ ಸೊಸೈಟಿ ಕಾರ್ಡನ್ನು ಬೆರಳಲ್ಲಿ ತಿರುಗಿಸಿದ. ಆ ಕಾರ್ಡಿಲ್ಲದವನು ಹೊಳೆಗೆ ಬಲೆ ಹಾಕುವ ಹಾಗಿಲ್ಲ.

"ಸರ್ವೆಗೆ ಮೋಸ ಮಾಡಿದ್ದು ಯಾರಮ್ಮಾ? ನಾನಾ? ನಾನು ಬಾಯಿ ಬಿಟ್ರೆ ಪೊಲೀಸ್ನೋರು ಬರೋದು ನಿಮ್ಮ ಮನಿಗೆ. ಕಾರ್ಡು ಇಲ್ಲೇ ಇರ್ಲಿ. ಕೆಲಸ ಮುಗಿದ ಮ್ಯಾಲೆ ತಗೊಂಡು ಹೋಗಲಿ ನಿಮ್ಮಪ್ಪ."

ಹರಿಹರದ ಬಸ್ಸಿನಲ್ಲಿ ಬರುವಾಗ ನನಗೆ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ ಸಿಟ್ಟಿತ್ತು. ನಾವು ಮರ್ಯಾದೆ ಅಂತ ಕೊಟ್ಟದ್ದನ್ನು ಅವನು ನಮ್ಮ ಕೊರಳಿಗೇ ಬಿಗಿದಿದ್ದ.

ಮನೆಗೆ ಬಂದು ಎಲ್ಲ ಹೇಳಿದೆ. ಅವ್ವ ಒಲೆ ಮುಂದಿನಿಂದ ಎದ್ದು ಬಂದಳು.

"ಅವ್ರಿಗೆ ಗೊತ್ತಿತ್ತಾ? ಗೊತ್ತಿದ್ದೂ ಸುಮ್ನಿದ್ರಾ?"

"ಗೊತ್ತಿತ್ತಬೇ. ನಕ್ಕ."

ಅಪ್ಪ ಕೈಯ ಹುಣ್ಣಿಗೆ ಕೊಬ್ಬರಿ ಎಣ್ಣೆ ಸವರುತ್ತಾ ಕೂತಿದ್ದ. ಅವನ ಮುಖ ನೋಡಲಾಗಲಿಲ್ಲ. ಹೊಡೆತ ತಿಂದವರ ಮುಖ ನಾನು ನೋಡಿದ್ದೇನೆ. ಇದು ಹಾಗಿರಲಿಲ್ಲ. ಕರೆದು ಉಣ್ಣಿಸಿದ ಮನೆಯಲ್ಲೇ ಕಳ್ಳ ಅನ್ನಿಸಿಕೊಂಡವನ ಹಾಗಿದ್ದ.

"ನಾಳಿ ಉಕ್ಕಡಗಾತ್ರಿಗೆ ಹೋಗಿ ಮೀನು ತಗೊಂಬಾ" ಅಂದ.

"ಅಪ್ಪಾ!"

"ತಗೊಂಬಾ ಅಂದ್ನೆಲ್ಲಾ. ಚೀಲ ಕಟ್ಟು."

"ನಾನು ಕಟ್ಟಂಗಿಲ್ಲ. ನಿನ್ ಮಾನ ಉಳಿಸ್ಕೊಳ್ಳಾಕ ಕೇರಿನೆಲ್ಲ ಕೊಲ್ತಿಯೇನು?"

ಅವನು ತಲೆ ಎತ್ತಿ ನೋಡಿದ. ಬೈಯಲಿಲ್ಲ. "ಕಟ್ಟು ಮಗಾ" ಅಂದ, ಅಷ್ಟೇ.

ಅವ್ವ ನನ್ನ ಕೈ ಹಿಡಿದು ಸುಮ್ಮನಿರಿಸಿದಳು. ಮಾರನೆಯ ದಿನ ಹೋಗಿ ಮೀನು ತಂದೆ. ದಾರಿಯುದ್ದಕ್ಕೂ ಅಪ್ಪನನ್ನು ಮನಸ್ಸಿನಲ್ಲೇ ಬೈದೆ. ಕಾರ್ಡಿಗೆ ಹೆದರಿದ ಅಂದುಕೊಂಡೆ. ಐವತ್ತು ವರ್ಷ ಹೊಳೆ ಜೊತೆ ಸೆಣಸಿದವನು ಒಂದು ಪ್ಲಾಸ್ಟಿಕ್ ಕಾರ್ಡಿಗೆ ಮಣಿದ ಅಂದುಕೊಂಡೆ.

ಸಮಿತಿ ಬರುವ ದಿನ ಬೆಳಿಗ್ಗೆ ಹೊಳೆ ಬೂದಿ ಬಣ್ಣಕ್ಕಿತ್ತು. ಅಂಥ ಬಣ್ಣ ನಾನು ಅದುವರೆಗೆ ನೋಡಿರಲಿಲ್ಲ. ಕೊಳವೆಯ ಬಾಯಿಂದ ಬರುತ್ತಿದ್ದ ನೀರಿನ ಮೇಲೆ ಆವಿ ಆಡುತ್ತಿತ್ತು. ದಂಡೆಯಲ್ಲಿ ಒಂದು ಕೊಕ್ಕರೆಯೂ ಇರಲಿಲ್ಲ. ಕೇರಿಯ ನಾಯಿಗಳು ನೀರಿನ ತನಕ ಬಂದು ಮೂಸಿ ಹಿಂದಕ್ಕೆ ಹೋದವು. ಅವ್ವ ಹೊಸಲಲ್ಲಿ ನಿಂತು "ಇವತ್ತು ನೀರಿಗೆ ಕೈ ಹಾಕಬ್ಯಾಡ್ರಿ" ಅಂದಳು. ಅಪ್ಪ ಕೇಳಲಿಲ್ಲ. ಚೀಲಕ್ಕೆ ಮೀನು ತುಂಬಿಸಿದ. ತೆಪ್ಪದ ಕೆಳಗೆ ನನ್ನಿಂದಲೇ ಕಟ್ಟಿಸಿದ. ಗಂಟು ಹಾಕಿದ ಬೆರಳು ಆಮೇಲೆ ಎರಡು ದಿನ ಉರಿಯಿತು.

ಹತ್ತು ಗಂಟೆಗೆ ಎರಡು ಜೀಪು ಬಂದವು. ಸಮಿತಿಯವರು ಮೂರು ಜನ. ದಂಡೆಯ ಕಲ್ಲಿನ ಮೇಲೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತರು. ರವಿಚಂದ್ರ ಬೂಟುಗಾಲಲ್ಲೇ ತೆಪ್ಪ ಹತ್ತಿದ. ನಮ್ಮ ತೆಪ್ಪಕ್ಕೆ ಯಾರೂ ಚಪ್ಪಲಿಯಲ್ಲಿ ಹತ್ತುವುದಿಲ್ಲ. ಬಿಂದು ಮೇಡಂ ಬರಿಗಾಲಲ್ಲಿ ಹತ್ತಿದರು. ನನ್ನ ಕಣ್ಣು ತಪ್ಪಿಸಿ ಫಾರಂ ಬಿಚ್ಚಿಕೊಂಡು ಕೂತರು. ನಾನು ಹುಟ್ಟು ಹಾಕಿದೆ. ದಂಡೆಯಿಂದ ಎಲ್ಲ ಕಾಣುವಷ್ಟು ದೂರಕ್ಕೆ ಹೋಗಿ ನಿಲ್ಲಿಸಿದೆ.

ಅಪ್ಪ ಬಲೆ ಬೀಸಿದ. ಬಲೆ ಗುಂಡಗೆ ಅರಳಿ ನೀರಿಗೆ ಬಿತ್ತು. ಸ್ವಲ್ಪ ಕಾದ. ನಿಧಾನ ಎಳೆದ. ಅವನ ಎಡಗೈ ತೆಪ್ಪದ ಅಂಚಿನ ಮೇಲೇ ಇತ್ತು. ಅದು ನೀರಿಗೆ ಇಳಿಯಲಿಲ್ಲ. ನಾನು ಆ ಕೈಯನ್ನೇ ನೋಡುತ್ತಿದ್ದೆ. ರವಿಚಂದ್ರನೂ ಅದನ್ನೇ ನೋಡುತ್ತಿದ್ದ.

"ಚೀಲ" ಅಂದ ಪಿಸುದನಿಯಲ್ಲಿ. "ಮೈಲಪ್ಪ, ಚೀಲ ಬಿಚ್ಚು."

ಅಪ್ಪ ಎದ್ದು ನಿಂತ. ಎರಡೂ ಕೈಯಿಂದ ಬಲೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ. ದಂಡೆಗೆ ಕಾಣುವ ಹಾಗೆ. ಕೇರಿಗೆ ಕಾಣುವ ಹಾಗೆ. ಬಲೆಯಿಂದ ಬೂದಿ ನೀರು ಅವನ ತಲೆಮೇಲೆ, ಮುಖದ ಮೇಲೆ ಸುರಿಯಿತು. ಒಂದು ಕಪ್ಪೆಚಿಪ್ಪೂ ಇರಲಿಲ್ಲ.

"ಬರ್ಕೊಳ್ರಿ ತಾಯಿ" ಅಂದ. "ಖಾಲಿ ಅಂತ ಬರ್ಕೊಳ್ರಿ."

ರವಿಚಂದ್ರ ಫಾರಮ್ಮಿನ ಮೇಲೆ ಅಂಗೈ ಇಟ್ಟ. ದಂಡೆಯ ಕಡೆ ತಿರುಗಿ ನಕ್ಕು ಕೂಗಿದ. "ಒಂದೊಂದ್ಸಲ ಹಿಂಗಾಗ್ತದೆ ಸಾರ್. ಇನ್ನೊಂದು ಬೀಸ್ತಾನೆ." ಅಪ್ಪನಿಗೆ ಪಿಸುಗುಟ್ಟಿದ. "ತಲೆ ಕೆಟ್ಟೈತೇನು ನಿಂಗೆ? ಬಿಚ್ಚು ಚೀಲ!"

"ಚೀಲ ಬೇಕಾ ಸಾಹೇಬ್ರೆ?"

ಅಪ್ಪ ಬಗ್ಗಿ ದಾರ ಎಳೆದ. ಚೀಲವನ್ನು ತೆಪ್ಪದೊಳಗೆ, ರವಿಚಂದ್ರನ ಬೂಟಿನ ಮುಂದೆ ಸುರಿದ. ಉಕ್ಕಡಗಾತ್ರಿಯ ಮೀನುಗಳು. ಒಂದೂ ಒದ್ದಾಡಲಿಲ್ಲ. ಕಿವಿರು ಅಗಲಿಸಿಕೊಂಡು ಸತ್ತಿದ್ದವು. ಕಣ್ಣಿನ ಮೇಲೆ ಬೂದಿ ಬಣ್ಣದ ಪೊರೆ.

"ಇವು ಉಕ್ಕಡಗಾತ್ರಿವು!" ಅಪ್ಪ ದಂಡೆಗೆ ಕೇಳುವ ಹಾಗೆ ಕೂಗಿದ. "ಈ ನೀರಾಗೆ ಇಟ್ಟು ಒಂದು ತಾಸಾತು. ಹೋದ ಸಲ ಬರ್ಕೊಂಡ ಹನ್ನೊಂದೂ ಇಂಥವೇ. ತಂದು ಹಾಕಿದವ್ನು ನಾನು. ಈ ಸಾಹೇಬ್ರಿಗೆ ಗೊತ್ತಿತ್ತು. ಇವತ್ತು ಹಾಕು ಅಂದವ್ರೂ ಇವ್ರೇ."

ಆಗ ನನಗೆ ಗೊತ್ತಾಯಿತು. ಅವನು ಚೀಲ ಕಟ್ಟಿಸಿದ್ದು ಇದಕ್ಕೆ. ನನಗೆ ಅಳು ಬಂತು. ಹುಟ್ಟನ್ನು ಬಿಗಿಯಾಗಿ ಹಿಡಿದುಕೊಂಡೆ.

ದಂಡೆಯಲ್ಲಿ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ದೊಡ್ಡವರು ಗಡಿಯಾರ ನೋಡಿ, ಇದನ್ನೆಲ್ಲ ಕಚೇರಿಯಲ್ಲಿ ಮಾತಾಡೋಣ ಅಂದರು. ರವಿಚಂದ್ರ ತೆಪ್ಪ ದಂಡೆಗೆ ಹಾಕು ಅಂತ ನನಗೆ ಗದರಿದ.

"ಹಾಕಬ್ಯಾಡ ರೇವ್ತಿ" ಅಂದ ಅಪ್ಪ. "ಅವ್ರು ಬರಿಯೋ ತನಕ ನಾನು ಬೀಸ್ತೀನಿ."

ನಾನು ಹಾಕಲಿಲ್ಲ. ಅಪ್ಪ ಮತ್ತೆ ಬೀಸಿದ. ಎಳೆದ. ಎತ್ತಿ ತೋರಿಸಿದ. "ಬರ್ಕೊಳ್ರಿ." ಮತ್ತೆ ಬೀಸಿದ. ಎಳೆದ. ಎತ್ತಿದ. "ಬರ್ಕೊಳ್ರಿ." ಐದನೇ ಸಲಕ್ಕೆ ಕೈಯ ಹುಣ್ಣು ಒಡೆದು ರಕ್ತ ಬಂತು. ಎಂಟನೇ ಸಲಕ್ಕೆ ಹೆಗಲು ಏಳಲಿಲ್ಲ. ಎಡಗೈಯಿಂದ ಬೀಸಿದ. ಬಲೆ ಅರ್ಧ ಮಾತ್ರ ಅರಳಿತು. ಕೇರಿಯ ಜನ ಒಬ್ಬೊಬ್ಬರೇ ದಂಡೆಗೆ ಬಂದು ನಿಂತರು. ಹೊರಗಿನವರ ಎದುರು ಮೈಲಪ್ಪ ಖಾಲಿ ಬಲೆ ಎತ್ತುವುದನ್ನು ಅವರು ಯಾವತ್ತೂ ನೋಡಿರಲಿಲ್ಲ. ಯಾರೂ ತಲೆ ತಗ್ಗಿಸಲಿಲ್ಲ. ಅವ್ವ ಎಲ್ಲರಿಗಿಂತ ಮುಂದೆ ನಿಂತಿದ್ದಳು.

ರವಿಚಂದ್ರ ಬೆವರುತ್ತಿದ್ದ. "ಕಾರ್ಡು ನನ್ನ ಹತ್ರ ಐತೆ, ನೆನಪಿರ್ಲಿ. ನಾಳೆಯಿಂದ ಹೊಳಿ ಮುಟ್ಟಂಗಿಲ್ಲ ನೀನು. ಸ್ಟೇಷನ್ನಿಗೆ ಎಳೆಸ್ತೀನಿ."

"ಎಳೆಸ್ರಿ" ಅಂದ ಅಪ್ಪ. ಬೀಸಿದ.

ಹನ್ನೊಂದನೇ ಸಲ ಬಲೆ ಎತ್ತುವಾಗ ಅಪ್ಪ ಸತ್ತ ಮೀನುಗಳ ನಡುವೆ ಕೂತುಬಿಟ್ಟ. ಬಲೆ ಮಾತ್ರ ಎತ್ತಿಯೇ ಹಿಡಿದಿದ್ದ. ಬಿಂದು ಮೇಡಂ ಫಾರಮ್ಮಿನ ಮೇಲಿದ್ದ ರವಿಚಂದ್ರನ ಕೈಯನ್ನು ಎತ್ತಿ ಬದಿಗಿಟ್ಟರು. ಪೆನ್ನಿನ ಮುಚ್ಚಳ ತೆಗೆದರು. ಬರೆದರು.

"ನಿನ್ನ ಕೆಲಸ ಹೋಯ್ತು ಅಂದ್ಕೋ" ಅಂದ ರವಿಚಂದ್ರ. ಅವರು ಮೊಬೈಲು ತೆಗೆದು ಬಲೆಯ ಫೋಟೊ ಹೊಡೆದರು. ಸತ್ತ ಮೀನುಗಳದೂ ಹೊಡೆದರು. ಆಮೇಲೆ ಫಾರಮ್ಮನ್ನು ಅಪ್ಪನ ಮುಂದೆ ಹಿಡಿದರು.

ಅಪ್ಪನಿಗೆ ಓದು ಬರುವುದಿಲ್ಲ. ನನ್ನ ಕಡೆ ತಿರುಗಿದ.

"ಏನ್ ಬರದಾರೆ, ಓದು."

"ಮೂರನೇ ತಾಣ. ಸೊನ್ನೆ."

"ಅದ್ರ ಮುಂದೆ?"

"ಬಲೆ ಬೀಸಿದವರು, ಸ್ಥಳೀಯ ಕೂಲಿ ಅಂತ ಅಚ್ಚು ಹಾಕ್ಯಾರೆ ಅಪ್ಪಾ."

ದಂಡೆಯಲ್ಲಿ ರವಿಚಂದ್ರನ ಜೀಪು ಶುರುವಾದ ಸದ್ದು ಕೇಳಿತು. ಅದು ಕೇರಿಯ ದಾರಿಗೆ ಅಡ್ಡಲಾಗಿ ನಿಂತಿತು. ಅವನ ಆಳುಗಳಿಬ್ಬರು ಇಳಿದು ನಮ್ಮ ತೆಪ್ಪ ದಂಡೆ ಮುಟ್ಟುವುದನ್ನೇ ಕಾಯುತ್ತಾ ನಿಂತರು. ಅಪ್ಪ ಅವರನ್ನು ನೋಡಿದ. ರಕ್ತದ ಅಂಗೈಯನ್ನು ಪಂಚೆಗೆ ಒರೆಸಿಕೊಂಡ.

"ಆ ಕೂಲಿ ಅನ್ನೋದನ್ನ ಹೊಡ್ದು ಹಾಕ್ರಿ ತಾಯಿ" ಅಂದ. "ಸೊನ್ನಿ ಮುಂದೆ ನನ್ನ ಹೆಸರು ಬರೀರಿ. ಮೈಲಪ್ಪ ಅಂತ. ದಪ್ಪಗೆ ಬರೀರಿ."